‘ನನ್ನ ಶಿಕ್ಷಣ ತತ್ವ’ ಒಂದು ಪುಟ ಬರೆದು ತನ್ನಿ ಅಂದಿದ್ದಾರೆ, ಏನು ಬರೆಯಲಿ?

ಹೊಸ ಮಾಸ್ತರ, ಶಹಾಪುರ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಜಿಪಿಟಿ (ಪದವೀಧರ ಪ್ರಾಥಮಿಕ) ಶಿಕ್ಷಕ. 6, 7ನೇ ತರಗತಿಗೆ ಗಣಿತ, ವಿಜ್ಞಾನ ನನ್ನದು. 5ನೇ ತರಗತಿಯ ಹುದ್ದೆ ಖಾಲಿ ಇರುವುದರಿಂದ ಅದೂ ನನ್ನ ತಲೆಗೇ ಬಂದಿದೆ. ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು.

ಮುಂದಿನ ವಾರ ತರಬೇತಿ ಇದೆ. ಬರುವಾಗ ‘ನನ್ನ ಶಿಕ್ಷಣ ತತ್ವ’ ಅಂತ ಒಂದು ಪುಟ ಬರೆದು ತರಬೇಕಂತೆ. ಇದೇನು ದೊಡ್ಡದು ಅಂತ ಬಿಎಡ್ ನೋಟ್ಸ್ ತೆಗೆದೆ. ಮಗು ಕೇಂದ್ರಿತ ಶಿಕ್ಷಣ, ಮಾಡಿ ಕಲಿ, ಸರ್ವಾಂಗೀಣ ವಿಕಾಸ. ಗಾಂಧೀಜಿ, ಟಾಗೋರ್, ಡ್ಯೂಯಿ, ಮಾಂಟೆಸರಿ ನಾಲ್ವರೂ ಬಂದು ಕೂತರು. ಅರ್ಧ ಗಂಟೆಯಲ್ಲಿ ಪುಟ ತುಂಬಿತು.

ಓದಿ ನೋಡಿದೆ. ಅದರಲ್ಲಿ ನಮ್ಮೂರೂ ಇಲ್ಲ, ನಾನೂ ಇಲ್ಲ. ಹೆಸರು ಬದಲಿಸಿದರೆ ಮಂಗಳೂರಿನ ಮಾಸ್ತರರೂ ಅದನ್ನೇ ಕೊಡಬಹುದು. ಹರಿದು ಹಾಕಿದೆ. ಈಗ ಎರಡು ದಿನದಿಂದ ಖಾಲಿ ಹಾಳೆ ಮುಂದೆ ಕೂತಿದ್ದೇನೆ. ನಿಮ್ಮಲ್ಲಿ ಯಾರಾದರೂ ಇಂಥದ್ದು ನಿಜವಾಗಿ ಬರೆದಿದ್ದೀರಾ? ಬರೆದಿದ್ದರೆ ಎಲ್ಲಿಂದ ಶುರು ಮಾಡಿದಿರಿ?

ಪಾಸಿಂಗ್ ಪ್ಯಾಕೇಜ್

ಯಾಕೆ ಹರಿದಿರಿ ಸರ್? ಅದನ್ನೇ ಕೊಡಬೇಕಿತ್ತು. ಯಾರೂ ಓದಲ್ಲ. ಕಟ್ಟು ಕಟ್ಟಿ ಬೀರುವಿನಲ್ಲಿ ಇಡುತ್ತಾರೆ. ಅಕ್ಷರ ದುಂಡಗೆ ಇದ್ದರೆ ಸಾಕು.

ನಾನು ಕಲಬುರಗಿ ಹೈಸ್ಕೂಲ್ ಮಾಸ್ತರ. ನನ್ನ ತತ್ವ ಮೂರೇ ಮಾತು: ಪಾಸಿನ ಅಂಕ ದಾಟಿಸು.

ಜೋಳದ ರೊಟ್ಟಿ

ಮಾಸ್ತರರಿಗೆ ತತ್ವ ಕೇಳುವವರು ಮೊದಲು ಖಾಲಿ ಹುದ್ದೆ ತುಂಬಲಿ. ನಾನು ಆಳಂದದ ಕಡೆಯ ಪಾಲಕ. ಮಗನ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು ಮಾಸ್ತರು. ಒಬ್ಬರು ಯಾವಾಗಲೂ ಮೀಟಿಂಗ್‌ನಲ್ಲಿ.

ಚಿತ್ತಾಪುರದ ಅಕ್ಕೋರು

ಹೊಸ ಮಾಸ್ತರ ತಮ್ಮಾ, ಒಂದು ಪ್ರಶ್ನೆ. ಈಗ ನವೆಂಬರ್. ನಿಮ್ಮ ಕಡೆ ಕಾಲುವೆ ನೀರಿನ ಹತ್ತಿ ಬಿಚ್ಚಿರಬೇಕು. ನಿನ್ನೆ ನಿಮ್ಮ 7ನೇ ತರಗತಿಯಲ್ಲಿ ಎಷ್ಟು ಮಕ್ಕಳು ಇದ್ದರು? ಹಾಜರಿ ಪುಸ್ತಕ ನೋಡದೆ ಹೇಳಿ.

ಹೊಸ ಮಾಸ್ತರ, ಶಹಾಪುರ

41ರಲ್ಲಿ 23, ಅಕ್ಕೋರೆ. ಪುಸ್ತಕ ನೋಡುವುದೇ ಬೇಡ, ಖಾಲಿ ಬೆಂಚು ಎಣಿಸಿದರೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ 38 ಜನ ಇರುತ್ತಿದ್ದರು.

ಚಿತ್ತಾಪುರದ ಅಕ್ಕೋರು

ಹಾಗಾದರೆ ಆ 18 ಮಕ್ಕಳ ಬಗ್ಗೆ ಬರೆಯಿರಿ. ಇರುವ 23 ಜನಕ್ಕೆ ಪಾಠ ಮಾಡುವುದು ನಿಮ್ಮ ಕೆಲಸ. ಇಲ್ಲದವರು ತಿರುಗಿ ಬಂದಾಗ ನೀವು ಏನು ಮಾಡುತ್ತೀರಿ, ಅದನ್ನು ಯಾವ ನೋಟ್ಸೂ ಹೇಳಿಕೊಟ್ಟಿಲ್ಲ. ಅದನ್ನು ನೀವೇ ಮಾಡಿಕೊಳ್ಳಬೇಕು.

ನಾನು 1998ರಲ್ಲಿ ಸೇರಿದವಳು. ಮೊದಲ ಶಾಲೆ ಬೆಣ್ಣೆತೊರೆ ಕಡೆ. ಆಗ ನನಗೆ ಬಹಳ ಶಿಸ್ತು. ಎರಡು ತಿಂಗಳು ಗೈರಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಎಲ್ಲರ ಮುಂದೆ ಕೇಳುತ್ತಿದ್ದೆ: ‘ಎಲ್ಲಿ ಸತ್ತಿದ್ದಿ ಇಷ್ಟು ದಿನ?’ ಉಳಿದ ಮಕ್ಕಳು ನಗುತ್ತಿದ್ದರು. ನಕ್ಕರೆ ಇವರಿಗೆ ನಾಚಿಕೆ ಬಂದು ನಾಳೆಯಿಂದ ತಪ್ಪಿಸಲ್ಲ ಅಂತ ನನ್ನ ಲೆಕ್ಕ.

6ನೇ ತರಗತಿಯ ಒಬ್ಬ ಹುಡುಗಿ. ಸಂಕ್ರಾಂತಿ ಮುಗಿಸಿ ಬಂದಳು. ಅವಳಿಗೂ ಅದೇ ಕೇಳಿದೆ. ‘ತೊಗರಿ ರಾಶಿಗೆ ಹೋಗಿದ್ದೆ ರೀ’ ಅಂದಳು. ದಿನಪೂರ್ತಿ ಕೂತಳು. ಮರುದಿನ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ನಾನು ಮನೆಗೆ ಎರಡು ಸಲ ಹೋದೆ. ಅವಳ ಅವ್ವ ಚಹಾ ಕೊಟ್ಟಳು, ಮಗಳು ಒಳಗಿಂದ ಹೊರಗೆ ಬರಲಿಲ್ಲ.

ಹದಿನೈದು ವರ್ಷದ ಮೇಲೆ ವಾಡಿ ಸ್ಟೇಷನ್ನಿನಲ್ಲಿ ಸಿಕ್ಕಳು. ಪುಣೆಗೆ ಹೊರಟಿದ್ದರು ಗಂಡ ಹೆಂಡತಿ, ಕಟ್ಟಡದ ಕೆಲಸಕ್ಕೆ. ನಾನೇ ಆ ಮಾತು ತೆಗೆದೆ. ಅವಳು ಅಂದಳು: ‘ನೀವು ಅವತ್ತು ಬೈಲಿಲ್ಲಂದ್ರೂ ನಾ ಬಿಡ್ತಿದ್ದೆ ಅಕ್ಕೋರೆ. ಮನಸಿಗಿ ಹಚ್ಕೋಬ್ಯಾಡ್ರಿ.’ ಒಳ್ಳೆಯ ಹುಡುಗಿ. ನನಗೆ ಸಮಾಧಾನ ಆಗಲಿ ಅಂತ ಹೇಳಿದಳು ಅನ್ನಿಸುತ್ತದೆ. ಅವಳ ಜೊತೆ ಆರು ವರ್ಷದ ಒಂದು ಕೂಸಿತ್ತು. ಅದೂ ಶಾಲೆಯಲ್ಲಿ ಇರಬೇಕಾದ ಹೊತ್ತು ಅದು.

ಆ ಹುಡುಗಿ ಶಾಲೆ ಬಿಟ್ಟಂದಿನಿಂದ ನಾನು ಮಾಡುವುದು ಇಷ್ಟೇ. ತಿರುಗಿ ಬಂದ ಮಗುವಿಗೆ ‘ಯಾಕೆ’ ಅಂತ ಕೇಳಲ್ಲ. ಯಾಕೆ ಅಂತ ನನಗೂ ಗೊತ್ತು, ಅದಕ್ಕೂ ಗೊತ್ತು. ಮೊದಲ ದಿನ ಬರೆಸಲ್ಲ. ಹತ್ತಿಕಾಯಿಯ ಒಣ ಸಿಪ್ಪೆ ಬೆರಳ ತುದಿಗೆ ಗೀರು ಹಾಕಿರುತ್ತದೆ, ಪೆನ್ಸಿಲ್ ಹಿಡಿದರೆ ಉರಿಯುತ್ತದೆ. ಅದು ಗೊತ್ತಾಗಲು ನನಗೆ ನಾಲ್ಕು ವರ್ಷ ಬೇಕಾಯಿತು. ಅಲ್ಲಿವರೆಗೂ ‘ಅಕ್ಷರ ಯಾಕೆ ಹಿಂಗೆ ಕೆಟ್ಟಿದೆ’ ಅಂತ ಬೈಯುತ್ತಿದ್ದೆ. ಮತ್ತೆ, ಅವರ ಜಾಗದಲ್ಲಿ ಬೇರೆಯವರನ್ನು ಕೂರಿಸಲ್ಲ. ಜಾಗ ಹಾಗೇ ಇರುತ್ತದೆ.

ಗುರುಮಠಕಲ್ ಹುಡುಗಿ

ಅಕ್ಕೋರೆ, ಓದಿ ಸುಮ್ಮನೆ ಕೂತುಬಿಟ್ಟೆ. ನಾನು ಈಗ ಡಿಎಡ್ ಎರಡನೇ ವರ್ಷ. ಪಾಠ ಯೋಜನೆ ಬರೆಯಲು 40 ನಿಮಿಷಕ್ಕೆ ಹೀಗೆ ಹೀಗೆ ಅಂತ ಕಲಿಸುತ್ತಾರೆ. ಗೈರಾದವರ ಬಗ್ಗೆ ಒಂದು ಕಾಲಮ್ ಕೂಡ ಇಲ್ಲ.

ಬೀದರ್ ಕೋಟೆ

ಕಾಲಮ್ ಇಲ್ಲ ನಿಜ. ಆದರೆ ಮಗು ತನ್ನ ವೇಗಕ್ಕೆ ಕಾರ್ಡಿನಿಂದ ಕಲಿಯುವ ನಲಿಕಲಿ ಪದ್ಧತಿಯಲ್ಲಿ ಇದಕ್ಕೆ ಉತ್ತರ ಇದೆ ಅಲ್ವಾ? ನಾನು ಬೀದರ್ ಜಿಲ್ಲೆಯಲ್ಲಿ 1ರಿಂದ 3ನೇ ತರಗತಿಗೆ ನಲಿಕಲಿ ಮಾಡುತ್ತೇನೆ. ಕಲಿಕಾ ಏಣಿಯಲ್ಲಿ ಮಗು 14ನೇ ಮೆಟ್ಟಿಲಲ್ಲಿ ಬಿಟ್ಟು ಹೋದರೆ, ಎರಡು ತಿಂಗಳ ಮೇಲೆ ಬಂದು 14ರಿಂದಲೇ ಶುರು ಮಾಡುತ್ತದೆ. ಪಾಠ ಮುಂದೆ ಓಡಿಹೋಗಿರಲ್ಲ. ಮಗುವಿಗಾಗಿ ಏಣಿ ಕಾಯುತ್ತದೆ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಇದು ಶುರುವಾದಾಗ ಅಲ್ಲೂ ಆದಿವಾಸಿ ಹಾಡಿಯ ಮಕ್ಕಳು, ಒಬ್ಬರೇ ಮಾಸ್ತರು, ಮೂರು ತರಗತಿ ಒಂದೇ ಕೋಣೆ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ಮಾಸ್ತರುಗಳೇ ಕಾರ್ಡು ಮಾಡಿಕೊಂಡರು. 2009ರಲ್ಲಿ ರಾಜ್ಯಕ್ಕೆಲ್ಲ ಬಂತು. ಜನ ಹಾಡು, ಕುಣಿತ, ಮೇಲೆ ಕಟ್ಟಿದ ಚಪ್ಪರ ನೋಡಿ ಅದೇ ನಲಿಕಲಿ ಅಂದುಕೊಳ್ಳುತ್ತಾರೆ. ನನಗೆ ಅದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಪ್ರಗತಿ ನೋಟದ ಹಾಳೆ. ಯಾವ ಮಗು ಎಲ್ಲಿ ನಿಂತಿದೆ ಅಂತ ಮಗುವಿಗೇ ಗೊತ್ತಿರುತ್ತದೆ, ತಾನೇ ಗುರುತು ಹಾಕುತ್ತದೆ.

ಚಿತ್ತಾಪುರದ ಅಕ್ಕೋರು

ಸರಿಯಾಗಿ ಹೇಳಿದಿರಿ ಸರ್. ತೊಂದರೆ ಒಂದೇ. ಏಣಿ 3ನೇ ತರಗತಿಗೆ ಮುಗಿಯುತ್ತದೆ. ಹತ್ತಿಯ ಕೂಲಿ 4ನೇ ತರಗತಿಗೆ ಶುರುವಾಗುತ್ತದೆ. ಏಳು ವರ್ಷದ ಕೂಸನ್ನು ಯಾರೂ ಕೂಲಿಗೆ ಕರೆಯಲ್ಲ, ಒಂಬತ್ತು ಹತ್ತಕ್ಕೆ ಕರೆಯುತ್ತಾರೆ. ಯಾವಾಗ ಏಣಿ ಬೇಕೋ ಆವಾಗ ಕೈಗೆ ಪಠ್ಯಪುಸ್ತಕ ಕೊಡುತ್ತೇವೆ. ಪುಸ್ತಕ ಯಾರಿಗೂ ಕಾಯಲ್ಲ.

ಹೊಸ ಮಾಸ್ತರ, ಶಹಾಪುರ

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ 7ನೇ ತರಗತಿಯ ಮಕ್ಕಳು ‘ನಲಿಕಲಿ ಕೋಣೆ ಛಲೋ ಇತ್ತು’ ಅಂತ ಯಾವಾಗಲೂ ಹೇಳುತ್ತಾರೆ. ಹಾಡಿಗೆ ಅನ್ನುತ್ತಿದ್ದಾರೆ ಅಂದುಕೊಂಡಿದ್ದೆ.

ಪಾಸಿಂಗ್ ಪ್ಯಾಕೇಜ್

ತಮಾಷೆ ಬಿಟ್ಟು ಮಾತಾಡುತ್ತೇನೆ. ನೀವೆಲ್ಲ ಪ್ರಾಥಮಿಕದವರು. ಆ ಮಗು ಕೊನೆಗೆ ಬರುವುದು ನನ್ನ ಬಳಿ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಬಂದ ಮೇಲೆ ಮುಚ್ಚಿದ್ದೆಲ್ಲ ಬಯಲಾಯಿತು. ಟಿವಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಬರುವಾಗ ನಮ್ಮ ಮನೆಯಲ್ಲಿ ಚಾನೆಲ್ ಬದಲಿಸುತ್ತಾರೆ.

8ಕ್ಕೆ ಬಂದ ಮಕ್ಕಳಲ್ಲಿ ಕನ್ನಡದ ಒಂದು ಪ್ಯಾರಾ ತಡವರಿಸದೆ ಓದುವವರು ಅರ್ಧ ಕ್ಲಾಸ್ ಇಲ್ಲ. ನಾನು ವಿಜ್ಞಾನದ ಮಾಸ್ತರ. ದ್ಯುತಿಸಂಶ್ಲೇಷಣೆ ಅಂತ ಬೋರ್ಡ್ ಮೇಲೆ ಬರೆದರೆ ಆ ಪದ ಓದಿಸುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಡಿಸೆಂಬರ್ ಬಂದರೆ ಪಾಸಿಂಗ್ ಪ್ಯಾಕೇಜ್ ಹಿಡಿದು ಕೂರುತ್ತೇವೆ: ಈ ಚಿತ್ರ ಬಾಯಿಪಾಠ ಮಾಡು, ಈ ನಾಲ್ಕು ಪ್ರಶ್ನೆ ಬಾಯಿಪಾಠ ಮಾಡು. ಅದು ಕಲಿಕೆ ಅಲ್ಲ ಅಂತ ನನಗೆ ಗೊತ್ತಿಲ್ಲವಾ? ಆದರೆ ಫೇಲಾದ ಹುಡುಗಿಗೆ ಜೂನ್‌ನಲ್ಲಿ ಮದುವೆ ಮಾಡುತ್ತಾರೆ. ಪಾಸಾದರೆ ಎರಡು ವರ್ಷ ಪಿಯುಸಿ ಅಂತ ಮುಂದೆ ಹೋಗುತ್ತದೆ. ಆ ಎರಡು ವರ್ಷಕ್ಕಾಗಿ ನಾನು ಬಾಯಿಪಾಠ ಮಾಡಿಸುತ್ತೇನೆ. ನನಗೆ ಅದರಲ್ಲಿ ನಾಚಿಕೆ ಇಲ್ಲ.

ಚಿತ್ತಾಪುರದ ಅಕ್ಕೋರು

ನಾಚಿಕೆ ಪಡಬೇಡಿ ಸರ್. ಆ ಎರಡು ವರ್ಷ ದೊಡ್ಡದು. ನಿಮ್ಮ ಮೂರು ಮಾತಿಗಿಂತ ಈ ಪ್ಯಾರಾ ಎಷ್ಟೋ ಮೇಲು. ಹೊಸ ಮಾಸ್ತರರು ಇದನ್ನೇ ಕದ್ದು ಬರೆದರೂ ನಡೆಯುತ್ತದೆ.

ಜೋಳದ ರೊಟ್ಟಿ

ಎಲ್ಲ ಸರಿ. ಆದರೆ ಬೈಯಬಾರದು, ಹೊಡೆಯಬಾರದು ಅಂದರೆ ಕಲಿಯುವುದು ಹೇಗೆ? ನಮ್ಮ ಕಾಲದಲ್ಲಿ ‘ಛಡಿ ಛಂ ಛಂ, ವಿದ್ಯಾ ಘಂ ಘಂ’. ನಾನು ಏಟು ತಿಂದೇ ಮಗ್ಗಿ ಕಲಿತವನು. ಇವತ್ತಿಗೂ 19ರ ಮಗ್ಗಿ ಬರುತ್ತದೆ.

ಭೀಮಾ ದಂಡೆ

ಅಣ್ಣಾ, ನಿಮ್ಮ ಕ್ಲಾಸಿನಲ್ಲಿ ಏಟು ತಿಂದು ಮಗ್ಗಿ ಕಲಿಯದೆ ಶಾಲೆ ಬಿಟ್ಟವರು ಎಷ್ಟು ಜನ? ಅವರು ಇಲ್ಲಿ ಬಂದು ಬರೆಯಲ್ಲ. ಬರೆಯಲು ಬರಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕಾನೂನಿನ ಮಾತು ಆಮೇಲೆ. ನನ್ನ ಮಾತು ಹೇಳುತ್ತೇನೆ.

ನಾನೇ ಆ ಖಾಲಿ ಬೆಂಚಿನವನು. 5ನೇ ತರಗತಿಯಿಂದ ಪ್ರತಿ ವರ್ಷ ದಸರಾ ರಜೆ ಮುಗಿದ ಮೇಲೆ ಶಾಲೆಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಟಂಟಂ ಗಾಡಿಯಲ್ಲಿ ತುಂಬಿಕೊಂಡು ಒಯ್ಯುತ್ತಿದ್ದರು. ಮಕ್ಕಳ ಬೆರಳು ಸಣ್ಣ, ಹತ್ತಿ ಬೇಗ ಬಿಡಿಸುತ್ತಾರೆ ಅಂತ ಮೊದಲು ನಮ್ಮನ್ನೇ ಕರೆಯುತ್ತಿದ್ದರು. ಶಾಲೆಯ ಮುಂದೆಯೇ ಗಾಡಿ ಹೋಗುತ್ತಿತ್ತು. ಪ್ರಾರ್ಥನೆ ಕೇಳಿಸುತ್ತಿತ್ತು. ನಾವು ಗಾಡಿಯಲ್ಲಿ ತಲೆ ಬಗ್ಗಿಸಿ ಕೂರುತ್ತಿದ್ದೆವು, ಮಾಸ್ತರು ನೋಡಬಾರದು ಅಂತ.

ಕೆಲಸಕ್ಕಿಂತ ಕಷ್ಟ ತಿರುಗಿ ಹೋಗುವುದು. ಯಾವ ಪಾಠ ನಡೆದಿದೆ ಗೊತ್ತಿಲ್ಲ, ಗೆಳೆಯರ ಪುಸ್ತಕದಲ್ಲಿ ಹತ್ತು ಹಾಳೆ ತುಂಬಿದೆ. ಒಬ್ಬ ಮಾಸ್ತರು ಇದ್ದರು, ಹೆಸರು ಬೇಡ. ಅವರು ನನ್ನನ್ನು ನೋಡಿ ‘ಬಂದೆಯಾ? ಬಾ, ಈ ನಕ್ಷೆ ಗೋಡೆಗೆ ಹಾಕಬೇಕು, ನಿನ್ನ ಕೈ ಎಟುಕುತ್ತೆ’ ಅಂದರು. ಅಷ್ಟೇ. ನಾನು ಕ್ಲಾಸಿನ ಒಳಗೆ ಹೋದದ್ದೇ ಆ ನಕ್ಷೆ ಹಿಡಿದುಕೊಂಡು. ಆ ವರ್ಷ ಬಿಡಲಿಲ್ಲ. ಈಗ ಬೆಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದೇನೆ. ನಕ್ಷೆ ಯಾವುದು ಅಂತಲೂ ನೆನಪಿದೆ, ಕರ್ನಾಟಕದ ನದಿಗಳು.

ಗುರುಮಠಕಲ್ ಹುಡುಗಿ

ಕಣ್ಣು ತುಂಬಿತು ಅಣ್ಣಾ.

ಜೋಳದ ರೊಟ್ಟಿ

ಸರಿ, ಏಟಿನ ಮಾತು ವಾಪಸ್ ತಗೊಂಡೆ. ಮಗ್ಗಿಯ ಮಾತು ತಗೊಳ್ಳಲ್ಲ. ಮಗ್ಗಿ ಬೇಕು.

ಹೊಸ ಮಾಸ್ತರ, ಶಹಾಪುರ

ಮಗ್ಗಿ ಅಂದದ್ದಕ್ಕೆ ಹೋದ ವರ್ಷದ ಒಂದು ಘಟನೆ ಹೇಳಬೇಕು. ಇದನ್ನು ಯಾರಿಗೂ ಹೇಳಿಲ್ಲ.

6ನೇ ತರಗತಿಯ ಹುಡುಗಿ, ಹತ್ತಿಗೆ ಹೋಗಿ ಬಂದಿದ್ದಳು. ಮಾತಿಗೆ ಅಂತ ಕೇಳಿದೆ, ದಿನಕ್ಕೆ ಎಷ್ಟು ಬಿಡಿಸುತ್ತೀ? ‘ಹದಿನೇಳು ಕಿಲೋ ಸರ್. ಕಿಲೋಕ್ಕ ಹನ್ನೆರಡು.’ ಹಾಗಾದರೆ ಎಷ್ಟಾಯಿತು? ಒಂದು ಕ್ಷಣ ಮೇಲೆ ನೋಡಿದಳು. ‘ಹತ್ತಕ್ಕ ನೂರಿಪ್ಪತ್ತು, ಏಳಕ್ಕ ಎಂಬತ್ನಾಕು, ಇನ್ನೂರಾ ನಾಕು.’ ಅದನ್ನೇ ಬೋರ್ಡ್ ಮೇಲೆ ಮಾಡು ಅಂದೆ. 17 ಗುಣಿಸು 12 ಅಂತ ಬರೆದಳು. ಕೆಳಗೆ 34, ಅದರ ಕೆಳಗೆ 17, ಸ್ಥಾನ ಬಿಡದೆ ನೇರ ಬರೆದು ಕೂಡಿಸಿದಳು. 51 ಬಂತು. ಈಗಷ್ಟೇ ಇನ್ನೂರಾ ನಾಲ್ಕು ಅಂದೆಯಲ್ಲ ಅಂದೆ. ಅವಳಿಗೆ ಏನೂ ಅನ್ನಿಸಲಿಲ್ಲ. ‘ಅದು ಹೊಲದ್ದು ಸರ್. ಇದು ಸಾಲಿ ಲೆಕ್ಕ.’

ಎರಡೂ ಬೇರೆ ಬೇರೆ ಅಂತ ಆರು ವರ್ಷದಲ್ಲಿ ನಾವೇ ಅವಳಿಗೆ ಕಲಿಸಿದ್ದೇವೆ ಅನ್ನಿಸಿತು.

ಮರುದಿನದಿಂದ ಹೊಲದ ಲೆಕ್ಕವನ್ನೇ ಕ್ಲಾಸಿಗೆ ತಂದೆ. ಮಕ್ಕಳಿಗೆ ಹುರುಪೋ ಹುರುಪು. ಒಬ್ಬ ಹೇಳಿದ, 20 ಕಿಲೋ ತೂಗಿದರೆ ‘ಹಸಿ ಅದ’ ಅಂತ ಒಂದು ಕಿಲೋ ಕಡಿಯುತ್ತಾರೆ ಅಂತ. ಶೇಕಡಾ ಲೆಕ್ಕಕ್ಕೆ ಇದಕ್ಕಿಂತ ಉದಾಹರಣೆ ಬೇಕಾ? 100ಕ್ಕೆ 5. ಮೂವತ್ತು ಆಳು, ದಿನಕ್ಕೆ ಎಷ್ಟು, ಒಂದು ಸಲದ ಬಿಡಿಸುವಿಕೆಗೆ ಎಷ್ಟು ಅಂತ ಮಕ್ಕಳೇ ಲೆಕ್ಕ ಹಾಕಿದರು. ಬಂದ ಮೊತ್ತ ನೋಡಿ ಕ್ಲಾಸ್ ಸ್ತಬ್ಧ.

ಮೂರನೇ ದಿನ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಒಬ್ಬರು ಬಂದರು. ಅವರದ್ದೇ ಹೊಲ. ಜೋರು ಮಾಡಲಿಲ್ಲ, ನಗುತ್ತಲೇ ಅಂದರು: ‘ಸಾಲ್ಯಾಗ ಪುಸ್ತಕದ ಲೆಕ್ಕ ಕಲಸ್ರಿ ಸರ್. ಹೊಲದ ಲೆಕ್ಕ ನಾವು ನೋಡ್ಕೋತೀವಿ.’ ಹೋಗುವಾಗ ‘ಕಾಯಕವೇ ಕೈಲಾಸ ಅಲ್ರೀ, ಮಕ್ಕಳು ಕೆಲಸಾನೂ ಕಲೀಲಿ’ ಅಂತ ಸೇರಿಸಿದರು. ಮುಖ್ಯ ಗುರುಗಳು ನನ್ನನ್ನು ಕರೆದು ‘ನೀನಿನ್ನೂ ಹೊಸಬ’ ಅಂದರು.

ನಾನು ನಿಲ್ಲಿಸಿದೆ. ಮರುದಿನ ಪುಸ್ತಕದ ಉದಾಹರಣೆ. ಮಕ್ಕಳು ಯಾಕೆ ಅಂತ ಕೇಳಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು. ಈಗ ಹೇಳಿ, ‘ಮಗು ಕೇಂದ್ರಿತ’ ಅಂತ ಯಾವ ಬಾಯಿಂದ ಬರೆಯಲಿ?

ಬೀದರ್ ಕೋಟೆ

ಬಸವಕಲ್ಯಾಣದ ಕಡೆಯವನಾಗಿ ಒಂದು ಮಾತು. ಕಾಯಕ ಅಂದರೆ ತನ್ನ ಇಷ್ಟದಿಂದ, ತನ್ನ ದುಡಿಮೆಯ ಫಲ ತಾನು ತಿಂದು ದಾಸೋಹ ಮಾಡುವುದು. ಹತ್ತು ವರ್ಷದ ಮಗುವಿನ ಕೂಲಿಯಲ್ಲಿ ಕಿಲೋ ಕಡಿಯುವವರ ಬಾಯಲ್ಲಿ ಆ ಮಾತು ಬಂದರೆ ಹೊಟ್ಟೆ ಉರಿಯುತ್ತದೆ. ಕಾನೂನೂ ಸ್ಪಷ್ಟ ಇದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. 14 ವರ್ಷದ ಒಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಹೊಲದ ಮಟ್ಟಿಗೆ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರಿಗೆ ಕೈ ಜೋಡಿಸುವುದಕ್ಕೆ ಮಾತ್ರ ಅವಕಾಶ.

ಭೀಮಾ ದಂಡೆ

ಸರ್, ಆ ‘ಮನೆಯವರಿಗೆ’ ಅನ್ನುವ ಸಂದಿಯಲ್ಲೇ ಟಂಟಂ ಹೋಗುವುದು. ಯಾರನ್ನು ಕೇಳಿದರೂ ‘ನಮ್ಮ ಕಾಕಾನ ಹೊಲ’ ಅನ್ನುತ್ತಾರೆ. ನಾವೂ ಹಾಗೇ ಹೇಳುತ್ತಿದ್ದೆವು. ಹೇಳಿಕೊಟ್ಟೇ ಕಳಿಸುತ್ತಿದ್ದರು.

ಚಿತ್ತಾಪುರದ ಅಕ್ಕೋರು

ಹೊಸ ಮಾಸ್ತರ, ನೀವು ನಿಲ್ಲಿಸಿದ್ದನ್ನೂ ಬರೆಯಿರಿ. ಬೆಳಿಗ್ಗೆ ಎದ್ದು ಅದೇ ಊರಲ್ಲಿ ನಡೆದಾಡಬೇಕು ನೀವು. ಆದರೆ ಲೆಕ್ಕ ಬಿಡಬೇಡಿ. ಹೊಲ ಬದಲಿಸಿ.

ನನಗೂ ಇಂಥದ್ದೇ ಆಗಿತ್ತು, ತೊಗರಿಯಲ್ಲಿ. ನಾನು ಏನು ಮಾಡಿದೆ ಗೊತ್ತಾ? ಕೂಲಿಯ ಲೆಕ್ಕ ಬಿಟ್ಟು ಪೇಟೆಯ ಲೆಕ್ಕ ಹಿಡಿದೆ. ರೈತ ಕಲಬುರಗಿ ಗಂಜ್ ಮಾರುಕಟ್ಟೆಗೆ ತೊಗರಿ ಒಯ್ಯುತ್ತಾನೆ. ಅಲ್ಲಿ ತೂಕದಲ್ಲಿ ಎಷ್ಟು ಕಡಿತ, ಹಮಾಲಿ ಎಷ್ಟು, ಅಡತಿಯವನ (ದಲ್ಲಾಳಿಯ) ಪಟ್ಟಿಯಲ್ಲಿ ಕೊನೆಗೆ ಕೈಗೆ ಎಷ್ಟು ಬಂತು. ಅದೂ ಶೇಕಡಾ ಲೆಕ್ಕವೇ. ಹಿಂದೆ ನನ್ನ ಮೇಲೆ ಸಿಟ್ಟಾಗಿದ್ದ ಯಜಮಾನರೇ ತಮ್ಮ ಪಟ್ಟಿ ತಂದುಕೊಟ್ಟರು, ‘ಮಕ್ಕಳ ಕಡೆ ಇದನ್ನ ತೆಗಸ್ರಿ ಅಕ್ಕೋರೆ, ಎಷ್ಟು ಹೊಡೆದಾನ ನೋಡೋಣು’ ಅಂತ. ತನಗೆ ಕಡಿದದ್ದು ಎಲ್ಲರಿಗೂ ಕಾಣುತ್ತದೆ.

ಆ ಲೆಕ್ಕ ಕಲಿತ ಮಕ್ಕಳು ತಮ್ಮ ಕೂಲಿಯ ಲೆಕ್ಕ ತಾವೇ ಮಾಡಿಕೊಂಡರು. ನಾನು ಏನೂ ಹೇಳಬೇಕಾಗಲಿಲ್ಲ. ಇದು ಧೈರ್ಯ ಅಲ್ಲ, ನನಗೆ ಗೊತ್ತು. ಸ್ವಲ್ಪ ಹೇಡಿತನವೂ ಇದೆ ಇದರಲ್ಲಿ. 27 ವರ್ಷ ಹೀಗೇ ಅಡ್ಡದಾರಿಯಲ್ಲಿ ನಡೆದಿದ್ದೇನೆ.

ಬೀದರ್ ಕೋಟೆ

ಗಾಂಧೀಜಿ ಹೆಸರು ಹೊಸ ಮಾಸ್ತರರ ಹರಿದ ಹಾಳೆಯಲ್ಲಿತ್ತು. 1937ರಲ್ಲಿ ವಾರ್ಧಾದಲ್ಲಿ ಅವರು ಮೂಲಶಿಕ್ಷಣದ ಮಾತು ಎತ್ತಿದಾಗ ಅದರ ನಡುವೆ ಇದ್ದದ್ದೂ ಹತ್ತಿಯೇ. ತಕಲಿ ಹಿಡಿದು ನೂಲುತ್ತಾ ಲೆಕ್ಕ, ಭೂಗೋಳ ಎಲ್ಲ ಕಲಿಯಬೇಕು ಅಂತ. ಅಲ್ಲಿ ಹತ್ತಿ ಶಾಲೆಯ ಒಳಗೆ ಬಂತು. ನಮ್ಮಲ್ಲಿ ಹತ್ತಿ ಮಗುವನ್ನು ಹೊರಗೆ ಎಳೆದುಕೊಂಡು ಹೋಗುತ್ತದೆ. ಆ ಹೆಸರುಗಳನ್ನು ಪೂರ್ತಿ ಬಿಡುವುದು ಬೇಡ ಅನ್ನಿಸುತ್ತದೆ. ಮಾಂಟೆಸರಿ 1907ರಲ್ಲಿ ರೋಮ್‌ನಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದದ್ದು ಬಡವರ ಮಕ್ಕಳಿಗೆ. ಈಗ ಆ ಹೆಸರಿನ ಬೋರ್ಡ್ ಇರುವ ಶಾಲೆಯ ಗೇಟಿನ ಒಳಗೆ ನಮ್ಮ ಮಕ್ಕಳು ಕಾಲಿಡುವಂತಿಲ್ಲ, ಫೀ ಅಷ್ಟಿದೆ.

ಇನ್ನೊಂದು ವಿಷಯ ಇದೆ, ಭಾಷೆ. ಹೊಲದ ಲೆಕ್ಕ, ಸಾಲಿ ಲೆಕ್ಕ ಅಂತ ಆ ಹುಡುಗಿ ಅಂದಳಲ್ಲ. ನಮ್ಮ ತಾತ ನಿಜಾಮನ ಕಾಲದಲ್ಲಿ ಓದಿದವರು. ಶಾಲೆ ಪೂರ್ತಿ ಉರ್ದು. ಮನೆಯಲ್ಲಿ ಕನ್ನಡ. ಸಾಯುವ ತನಕ ಲೆಕ್ಕದ ಚೀಟಿ ಉರ್ದುವಿನಲ್ಲಿ ಬರೆಯುತ್ತಿದ್ದರು, ಕೂಡಿಸುವಾಗ ಬಾಯಲ್ಲಿ ಕನ್ನಡ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಬಂದೆವು. ಕಚೇರಿ ಭಾಷೆ ಬದಲಾಯಿತು. ಅವರು ಓದಿದ್ದು ಅರ್ಧ ಕೆಲಸಕ್ಕೆ ಬಾರದಾಯಿತು. ಹಾಗೇ ಈಗ ನಮ್ಮ ಲಂಬಾಣಿ ತಾಂಡಾದ ಮಗುವಿಗೆ ಕನ್ನಡವೇ ಪರಭಾಷೆ. ನಾವು ‘ತಾಯಿ’ ಅನ್ನುತ್ತೇವೆ, ಅದಕ್ಕೆ ‘ಯಾಡಿ’ ಗೊತ್ತು. ‘ರೊಟ್ಟಿ’ ಅಂದರೆ ಮುಖ ನೋಡುತ್ತದೆ, ‘ಬಾಟಿ’ ಅಂದರೆ ನಗುತ್ತದೆ. ಗಡಿ ಕಡೆ ಮರಾಠಿ, ಪಟ್ಟಣದಲ್ಲಿ ಉರ್ದು.

ಗುರುಮಠಕಲ್ ಹುಡುಗಿ

ನಮ್ಮ ಕಡೆ ತೆಲುಗು ಸರ್! ನಾನು 2ನೇ ತರಗತಿಯ ತನಕ ಶಾಲೆಯಲ್ಲಿ ಬಾಯೇ ಬಿಟ್ಟಿರಲಿಲ್ಲವಂತೆ. ಅಕ್ಕೋರು ಅವ್ವನಿಗೆ ‘ನಿಮ್ಮ ಮಗಳಿಗೆ ಮಾತು ಬರಲ್ಲವಾ?’ ಅಂತ ಕೇಳಿದ್ದರಂತೆ. ಅವ್ವ ಮನೆಗೆ ಬಂದು ನಕ್ಕದ್ದೇ ನಕ್ಕದ್ದು. ಮನೆಯಲ್ಲಿ ನನ್ನ ಬಾಯಿ ಮುಚ್ಚಿಸಲು ಆಗುತ್ತಿರಲಿಲ್ಲ.

ಬೀದರ್ ಕೋಟೆ

ಹಾಂ, ಅದೇ. ನಾನು ತಾಂಡಾದ ಮಕ್ಕಳಿಂದ ದಿನಕ್ಕೆ ಎರಡು ಲಂಬಾಣಿ ಮಾತು ಕಲಿಯುತ್ತೇನೆ. ಗೋಡೆಗೆ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ನಾನು ತಪ್ಪು ಉಚ್ಚರಿಸಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಮಾಸ್ತರರನ್ನು ತಿದ್ದಿದ ಮಗು ಆಮೇಲೆ ತಾನು ತಪ್ಪು ಮಾತಾಡಲು ಹೆದರಲ್ಲ. ಇದು ನನ್ನ ತತ್ವ ಅಂತ ಬೇಕಾದರೆ ಅನ್ನಿ.

ಜೋಳದ ರೊಟ್ಟಿ

ನಾನು ಪಾಲಕ, ಸ್ವಲ್ಪ ಒರಟಾಗಿ ಹೇಳುತ್ತೇನೆ. ಮನೆಗೆಲಸ ಕೊಡುವುದು ಬಿಡಿ ಮಾಸ್ತರೇ. 2011ರ ಜನಗಣತಿಯಲ್ಲಿ ಯಾದಗಿರಿಯಲ್ಲಿ ಓದು ಬಲ್ಲವರು ನೂರಕ್ಕೆ 52ರ ಹತ್ತಿರ, ರಾಜ್ಯದಲ್ಲೇ ಕೊನೆ. ನಾನು 19ರ ಮಗ್ಗಿ ಬಲ್ಲೆ, ನನ್ನ ಹೆಂಡತಿಗೆ ಅಕ್ಷರ ಬರಲ್ಲ. ನಾನು ಊರಲ್ಲಿ ಇಲ್ಲದ ದಿನ ಮಗ ಪುಸ್ತಕ ತೆಗೆದು ಅವ್ವನ ಮುಂದೆ ಕೂರುತ್ತಾನೆ, ಅವಳು ಪುಟ ತಿರುಗಿಸಿ ಚಿತ್ರ ನೋಡುತ್ತಾಳೆ. ಮರುದಿನ ‘ಮನೆಯಲ್ಲಿ ಯಾರೂ ಹೇಳಿಕೊಡಲ್ಲವಾ’ ಅಂತ ಮಾಸ್ತರರು ಕೇಳುತ್ತಾರೆ. ಅವನು ಮನೆಗೆ ಬಂದು ಅವ್ವನ ಮೇಲೆ ಸಿಟ್ಟು ಮಾಡುತ್ತಾನೆ. ಇದನ್ನೂ ಯಾರಾದರೂ ಬರೆದುಕೊಳ್ಳಿ.

ಪಾಸಿಂಗ್ ಪ್ಯಾಕೇಜ್

ಬರೆದುಕೊಂಡೆ. ನಾನು ಆ ಮಾತು ಎಷ್ಟು ಸಲ ಆಡಿದ್ದೇನೋ.

ನಿರ್ವಾಹಕ

ಚರ್ಚೆ ಚೆನ್ನಾಗಿ ನಡೆದಿದೆ. ಎರಡು ಬರಹ ತೆಗೆದಿದ್ದೇನೆ, ಒಂದರಲ್ಲಿ ಶಾಲೆಯ ಹೆಸರಿತ್ತು, ಇನ್ನೊಂದು ಟ್ಯೂಷನ್ ಜಾಹೀರಾತು. ದಯವಿಟ್ಟು ಮಕ್ಕಳ ಹೆಸರು, ಊರು ಹಾಕಬೇಡಿ.

ಹೊಸ ಮಾಸ್ತರ, ಶಹಾಪುರ

ರಾತ್ರಿ ಹನ್ನೊಂದು ಆಯಿತು. ಬರೆದಿದ್ದೇನೆ. ಒಂದು ಪುಟ ಆಗಲಿಲ್ಲ, ಮುಕ್ಕಾಲು ಆಯಿತು. ಇಲ್ಲಿ ಹಾಕುತ್ತೇನೆ, ತಿದ್ದಿ.

‘ನನ್ನ 7ನೇ ತರಗತಿಯಲ್ಲಿ 41 ಮಕ್ಕಳು. ಅಕ್ಟೋಬರ್‌ನಿಂದ ಜನವರಿ ತನಕ ಅದರಲ್ಲಿ 18 ಜನ ಹೊಲದಲ್ಲಿ ಇರುತ್ತಾರೆ. ಅವರನ್ನು ಮನೆಗೆ ಹೋಗಿ ಕರೆಯುತ್ತೇನೆ. ಕೆಲವರು ಬರುತ್ತಾರೆ, ಬಹಳ ಜನ ಬರಲ್ಲ. ಅವರು ಬಂದ ದಿನ ಯಾಕೆ ಬರಲಿಲ್ಲ ಅಂತ ಎಲ್ಲರ ಮುಂದೆ ಕೇಳುವುದಿಲ್ಲ. ಅವರ ಜಾಗ ಖಾಲಿ ಇಡುತ್ತೇನೆ. ಯಾರು ಯಾವ ಲೆಕ್ಕದಲ್ಲಿ ಬಿಟ್ಟು ಹೋದರು ಅಂತ ಒಂದು ಹಾಳೆ ಗೋಡೆಗೆ ಹಾಕಿದ್ದೇನೆ, ಅವರೇ ಗುರುತು ಹಾಕುತ್ತಾರೆ. ಪ್ರತಿ ಅಧ್ಯಾಯದಿಂದ ಬಿಡಲೇಬಾರದ ಒಂದೆರಡು ಮಾತ್ರ ಆರಿಸಿ ಕಾರ್ಡು ಮಾಡುತ್ತಿದ್ದೇನೆ. ಉಳಿದದ್ದು ತಪ್ಪಿದರೆ ತಪ್ಪಲಿ ಅಂತ ಧೈರ್ಯ ಮಾಡಿದ್ದೇನೆ.

ಮಕ್ಕಳಿಗೆ ಬಾಯಲ್ಲಿ ಬರುವ ಲೆಕ್ಕ ಮೊದಲು, ಕಾಗದದ ಲೆಕ್ಕ ಆಮೇಲೆ. ಹೋದ ವರ್ಷ ಒಂದು ಲೆಕ್ಕವನ್ನು ಹೆದರಿ ನಿಲ್ಲಿಸಿದೆ. ಈ ವರ್ಷ ಅದನ್ನು ಬೇರೆ ರೀತಿಯಲ್ಲಿ ಮಾಡುತ್ತೇನೆ. ಮನೆಗೆಲಸ ಕೊಡುವುದಿಲ್ಲ. ನನಗೆ ಇನ್ನೂ ಸಿಟ್ಟು ಬರುತ್ತದೆ, ಎರಡು ಸಲ ಕೈ ಎತ್ತಿದ್ದೇನೆ.’

ಕೊನೆಯ ಸಾಲು ಇಡಲೋ ತೆಗೆಯಲೋ?

ಭೀಮಾ ದಂಡೆ

ಇಡಿ ಸರ್.

ಪಾಸಿಂಗ್ ಪ್ಯಾಕೇಜ್

ತೆಗೆಯಿರಿ! ಬರಹದಲ್ಲಿ ಸಿಕ್ಕಿಬಿದ್ದರೆ ನೋಟಿಸ್ ಬರುತ್ತದೆ. ಮನಸ್ಸಲ್ಲಿ ಇಟ್ಟುಕೊಳ್ಳಿ. ಮನೆಗೆಲಸದ ಸಾಲೂ ನೋಡಿಕೊಳ್ಳಿ, ತಪಾಸಣೆಗೆ ಬಂದವರು ಮೊದಲು ಕೇಳುವುದೇ ಆ ನೋಟ್‌ಬುಕ್.

ಚಿತ್ತಾಪುರದ ಅಕ್ಕೋರು

ಇಟ್ಟರೂ ಸರಿ, ತೆಗೆದರೂ ಸರಿ. ಮೂರನೇ ಸಲ ಎತ್ತಬೇಡಿ, ಅಷ್ಟೇ. ಆ ‘ಬಿಡಲೇಬಾರದ ಒಂದೆರಡು’ ಯಾವುವು ಅಂತ ಇಲ್ಲಿ ಹಾಕಿ. ನನ್ನ ಬಳಿ 4, 5ನೇ ತರಗತಿಗೆ ಮಾಡಿದ ಕಾರ್ಡುಗಳಿವೆ, ಫೋಟೊ ಕಳಿಸುತ್ತೇನೆ.

ಹೊಸ ಮಾಸ್ತರ, ಶಹಾಪುರ

ತರಬೇತಿ ಮುಗಿಯಿತು. ಮೊದಲ ದಿನವೇ ಎಲ್ಲರ ಹಾಳೆ ತಗೊಂಡರು, ಕಟ್ಟು ಕಟ್ಟಿದರು. ಪಾಸಿಂಗ್ ಪ್ಯಾಕೇಜ್ ಸರ್ ಹೇಳಿದಂತೆ ಬೀರುವಿನಲ್ಲೇ ಇಟ್ಟರು, ನಾನು ಕಣ್ಣಾರೆ ನೋಡಿದೆ. ಕೊನೆಯ ಸಾಲು ಇಟ್ಟೇ ಕೊಟ್ಟೆ. ಏನೂ ಆಗಲಿಲ್ಲ. ನನ್ನ ಪಕ್ಕ ಕೂತಿದ್ದ ಸುರಪುರದ ಮೇಡಮ್ ಮಾತ್ರ ಕೊಡುವ ಮೊದಲು ಓದಿ, ಗೋಡೆಯ ಹಾಳೆ ಹೇಗೆ ಮಾಡಿದ್ದೀರಿ ಅಂತ ಕೇಳಿದರು.

ಇವತ್ತು ಬೆಳಿಗ್ಗೆ ಮೊದಲ ಸಲದ ಬಿಡಿಸುವಿಕೆ ಮುಗಿಸಿ ಇಬ್ಬರು ಬಂದರು, ಅಣ್ಣ ತಂಗಿ. ಬಾಗಿಲಲ್ಲಿ ನಿಂತರು. ನನ್ನ ಬಾಯಲ್ಲಿ ‘ಯಾಕೆ’ ಬಂದೇಬಿಟ್ಟಿತ್ತು, ನುಂಗಿಕೊಂಡೆ. ನಕ್ಷೆ ಯಾವುದೂ ಕೈಗೆ ಸಿಗಲಿಲ್ಲ. ‘ತಕ್ಕಡಿ ತರೋಣ ಬನ್ನಿ’ ಅಂತ ಅಡುಗೆ ಕೋಣೆಗೆ ಕರೆದುಕೊಂಡು ಹೋದೆ. ಹುಡುಗ ತಕ್ಕಡಿ ಹಿಡಿದ ರೀತಿ ನೋಡಬೇಕಿತ್ತು ನೀವು. ಮೊದಲು ಖಾಲಿ ಎತ್ತಿ ಮುಳ್ಳು ಸರಿ ಇದೆಯಾ ಅಂತ ನೋಡಿದ.

ಅಕ್ಕೋರೆ, ಭಿನ್ನರಾಶಿ ಅರ್ಧ ಮುಗಿದಿದೆ. ಇವರಿಗೆ ಎಲ್ಲಿಂದ ಹಿಡಿಯಲಿ?

ಚಿತ್ತಾಪುರದ ಅಕ್ಕೋರು

ಪಾವು, ಅರ್ಧ, ಮುಕ್ಕಾಲು ಕಿಲೋದಿಂದ. ತಕ್ಕಡಿ ಹೇಗೂ ಕೈಯಲ್ಲಿದೆ. ನಾಳಿದ್ದು ಬರೆಸಿ, ನಾಳೆ ಬೇಡ.